ಟರ್ಬೊ ಕಾರಿಗೆ ಹೊಸ ಇನ್‌ಟೇಕ್: ಪವರ್ ಆಮೇಲೆ, ಮೊದಲು ಸೋರಿಕೆ ನೋಡಿ

ಟರ್ಬೊ ಕಾರಿಗೆ ಕಂಪನಿಯದಲ್ಲದ, ಹೊರಗಡೆ ಸಿಗುವ ಇನ್‌ಟೇಕ್ (ಎಂಜಿನ್ನಿಗೆ ಗಾಳಿ ಎಳೆಯುವ ಫಿಲ್ಟರ್, ಪೈಪು) ಹಾಕಿಸಬೇಕು ಅಂತ ಆಸೆ ಹತ್ತಿದವರು ಮೊದಲು ಕೇಳುವುದು ಒಂದೇ ಪ್ರಶ್ನೆ. "ಅಣ್ಣಾ, ಎಷ್ಟು ಪವರ್ ಜಾಸ್ತಿ ಆಗ್ತದೆ?" ಉತ್ತರ ಕೇಳಿದರೆ ಬೇಜಾರಾಗಬಹುದು. ಬರೀ ಇನ್‌ಟೇಕ್ ಹಾಕಿ ಬೇರೇನೂ ಮುಟ್ಟದಿದ್ದರೆ ಜಾಸ್ತಿ ಆಗುವುದು ಮುಖ್ಯವಾಗಿ ಸದ್ದು. ಪವರ್ ಚೂರು ಸಿಕ್ಕರೂ ಸಿಗಬಹುದು, ಸಿಗದೆಯೂ ಇರಬಹುದು, ಕೆಟ್ಟದಾಗಿ ಕೂರಿಸಿದರೆ ಇದ್ದದ್ದೂ ಹೋಗಬಹುದು. ಯಾಕೆ ಹೀಗೆ ಅಂತ ಗೊತ್ತಾದರೆ ಯಾವ ಪಾರ್ಟು ತಗೋಬೇಕು, ಗ್ಯಾರೇಜಿನಲ್ಲಿ ನಿಂತು ಏನನ್ನು ಗಮನಿಸಬೇಕು ಅನ್ನುವುದು ತಾನಾಗಿಯೇ ತಿಳಿಯುತ್ತದೆ.

ಟರ್ಬೊ ಈಗ ದೊಡ್ಡ ಸಂಗತಿ ಏನಲ್ಲ. ಫ್ರಾಂಕ್ಸ್‌ನ 1.0 ಬೂಸ್ಟರ್‌ಜೆಟ್, ವೆನ್ಯೂವಿನ 1.0 ಟರ್ಬೊ, ನೆಕ್ಸಾನ್‌ನ 1.2, ಟೈಗುನ್ ಮತ್ತು ಕುಶಾಕ್‌ನ 1.0 ಟಿಎಸ್‌ಐ, ಎಲ್ಲವೂ ಟರ್ಬೊ ಪೆಟ್ರೋಲ್ ಎಂಜಿನ್ನುಗಳೇ. ಕಾರವಾರದ ಕೆಎ 30, ಶಿರಸಿಯ ಕೆಎ 31 ನಂಬರಿನಲ್ಲಿ ಇಂಥವು ಬೇಕಾದಷ್ಟು ಓಡಾಡುತ್ತವೆ. ಹಳೆಯ ಸ್ವಿಫ್ಟ್ ಡೀಸೆಲ್ ಇಟ್ಟುಕೊಂಡವರು ಕೆಲವರು ತಮ್ಮದು ಟರ್ಬೊ ಅಲ್ಲ ಅಂದುಕೊಂಡಿರುತ್ತಾರೆ. ಅದೂ ಟರ್ಬೊನೇ. ಹಿಂದೆ ಹೆಸರು ಅಂಟಿಸಿಲ್ಲ ಅಷ್ಟೇ.

ಟರ್ಬೊ ಹಿಂದೆ, ಟರ್ಬೊ ಮುಂದೆ

ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯಲ್ಲಿ ಮತ್ತೊಂದು ಚಕ್ರ ಇರುತ್ತದೆ, ಅದಕ್ಕೆ ಕಂಪ್ರೆಸರ್ ವೀಲ್ ಅನ್ನುತ್ತಾರೆ. ಇದು ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಎಂಜಿನ್ನಿಗೆ ತುಂಬುತ್ತದೆ. ವೇಗ ಎಷ್ಟು ಅಂದರೆ ಸಣ್ಣ ಕಾರಿನ ಟರ್ಬೊ ನಿಮಿಷಕ್ಕೆ ಒಂದೂವರೆ, ಎರಡು ಲಕ್ಷ ಸುತ್ತು ತಿರುಗುತ್ತದೆ. ಈ ಸಂಖ್ಯೆ ನೆನಪಿಡಿ. ಪಾರ್ಟು ಕೂರಿಸುವಾಗ ಬೇಕಾಗುತ್ತದೆ.

ಈಗ ಗಾಳಿಯ ದಾರಿ. ಬಂಪರ್ ಅಥವಾ ಗ್ರಿಲ್ ಹತ್ತಿರ ಒಂದು ಮೂತಿ. ಅಲ್ಲಿಂದ ಏರ್‌ಬಾಕ್ಸ್, ಅದರೊಳಗೆ ಫಿಲ್ಟರ್. ಆಮೇಲೆ ಒಂದು ರಬ್ಬರ್ ಅಥವಾ ಪ್ಲಾಸ್ಟಿಕ್ ಪೈಪು ಟರ್ಬೊ ಬಾಯಿಗೆ ಹೋಗುತ್ತದೆ. ಟರ್ಬೊದಿಂದ ಹೊರಟ ಗಾಳಿ ಬಿಸಿಯಾಗಿರುತ್ತದೆ. ಸೈಕಲ್ ಪಂಪು ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದಿಲ್ಲವೇ, ಇದೂ ಅದೇ. ಅದನ್ನು ತಣ್ಣಗೆ ಮಾಡಲು ಇಂಟರ್‌ಕೂಲರ್ ಇದೆ. ಅಲ್ಲಿಂದ ಥ್ರಾಟಲ್ (ಎಷ್ಟು ಗಾಳಿ ಬಿಡಬೇಕೋ ಅಷ್ಟು ತೆರೆಯುವ ಬಾಗಿಲು), ಆಮೇಲೆ ಎಂಜಿನ್. 1.0 ಟಿಎಸ್‌ಐನಲ್ಲಿ ಇಂಟರ್‌ಕೂಲರ್ ಮುಂದೆ ಗ್ರಿಲ್ ಹಿಂದೆ ಇರುವುದಿಲ್ಲ, ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿನ ಒಳಗೇ ಸೇರಿಸಿಬಿಟ್ಟಿದ್ದಾರೆ, ನೀರಿನಿಂದ ತಣ್ಣಗಾಗುತ್ತದೆ. ಪೈಪಿನ ಉದ್ದ ಕಡಿಮೆ, ಸೋರುವ ಜಾಗವೂ ಕಡಿಮೆ.

ಈ ದಾರಿಯಲ್ಲಿ ಒಂದೇ ಒಂದು ಗೆರೆ ಎಳೆಯಿರಿ, ಟರ್ಬೊ ಇರುವಲ್ಲಿ. ಅದಕ್ಕಿಂತ ಹಿಂದಿನ ಪೈಪು ಎಳೆತದಲ್ಲಿ ಇರುತ್ತದೆ, ಮುಂದಿನ ಪೈಪು ಒತ್ತಡದಲ್ಲಿ ಇರುತ್ತದೆ. ಹಿಂದಿನ ಪೈಪು ಬಿರುಕು ಬಿಟ್ಟರೆ ಹೊರಗಿನ ಗಾಳಿ, ಧೂಳು ಒಳಗೆ ಬರುತ್ತದೆ. ಮುಂದಿನದು ಬಿರುಕು ಬಿಟ್ಟರೆ ಒಳಗಿನ ಗಾಳಿ ಹೊರಗೆ ಹೋಗುತ್ತದೆ. ಇನ್‌ಟೇಕ್ ಹಾಕಿದ ಮೇಲೆ ಬರುವ ಮುಕ್ಕಾಲು ತಾಪತ್ರಯಗಳಿಗೆ ಮೂಲ ಇಲ್ಲೇ ಇದೆ.

ಪವರ್ ಯಾಕೆ ಏರುವುದಿಲ್ಲ

115 ಪಿಎಸ್‌ನ ಎಂಜಿನ್ ಪೂರ್ತಿ ಜೋರಿನಲ್ಲಿ ಓಡುವಾಗ ನಿಮಿಷಕ್ಕೆ ಸುಮಾರು 5 ಕೆಜಿ ಗಾಳಿ ಬೇಕು. ಲೀಟರಿನಲ್ಲಿ ಹೇಳಿದರೆ 4 ಸಾವಿರಕ್ಕೂ ಜಾಸ್ತಿ. ಇಷ್ಟು ಗಾಳಿ ಫಿಲ್ಟರ್ ಮೂಲಕ ಹೋಗುವಾಗ ಸ್ವಲ್ಪ ಒತ್ತಡ ಕಳೆದುಹೋಗುತ್ತದೆ. ಸರಾಗವಾಗಿ ಗಾಳಿ ಬಿಡುವ ಫಿಲ್ಟರ್ ಹಾಕಿದರೆ ಈ ನಷ್ಟ ಕಡಿಮೆಯಾಗುತ್ತದೆ. ಮಾರುವವರು ಹೇಳುವುದರಲ್ಲಿ ಇಲ್ಲಿವರೆಗೆ ಸುಳ್ಳಿಲ್ಲ.

ಆದರೆ ಟರ್ಬೊ ಕಾರಿನಲ್ಲಿ ಎಂಜಿನ್ನಿಗೆ ಎಷ್ಟು ಗಾಳಿ ಹೋಗಬೇಕು ಅಂತ ತೀರ್ಮಾನ ಮಾಡುವುದು ಫಿಲ್ಟರ್ ಅಲ್ಲ, ಎಂಜಿನ್ನನ್ನು ನಡೆಸುವ ಕಂಪ್ಯೂಟರ್, ಅಂದರೆ ಇಸಿಯು. ನೀವು ಆಕ್ಸಿಲರೇಟರ್ ಒತ್ತಿದಾಗ ಅದು ಇಷ್ಟು ಟಾರ್ಕ್ (ತಿರುಗಿಸುವ ಬಲ) ಬೇಕು, ಅದಕ್ಕೆ ಇಷ್ಟು ಬೂಸ್ಟ್ (ಟರ್ಬೊ ತುಂಬುವ ಒತ್ತಡ) ಬೇಕು ಅಂತ ಲೆಕ್ಕ ಹಾಕುತ್ತದೆ. ಅಷ್ಟು ಬಂದ ಕೂಡಲೇ ವೇಸ್ಟ್‌ಗೇಟ್ ತೆರೆದು, ಹೆಚ್ಚಿನ ಹೊಗೆಯನ್ನು ಟರ್ಬೊ ಚಕ್ರಕ್ಕೆ ತಾಗದಂತೆ ಪಕ್ಕದಿಂದ ಬಿಟ್ಟುಬಿಡುತ್ತದೆ. ಹಾಗಾಗಿ ನೀವು ಗಾಳಿಯ ದಾರಿ ಎಷ್ಟೇ ಅಗಲ ಮಾಡಿದರೂ ಇಸಿಯು ತನ್ನ ಗುರಿ ಮುಟ್ಟಿದಲ್ಲಿಗೆ ನಿಲ್ಲಿಸುತ್ತದೆ. ಟರ್ಬೊಗೆ ಕೆಲಸ ಸ್ವಲ್ಪ ಹಗುರವಾಗುತ್ತದೆ, ನಿಮ್ಮ ಕೈಗೆ ಬರುವುದು ಅದೇ ಪವರ್.

ಎಷ್ಟು ಹಗುರ? ಲೆಕ್ಕ ಹಾಕಿ ನೋಡೋಣ. ಕಾರವಾರದಲ್ಲಿ, ಸಮುದ್ರ ಮಟ್ಟದಲ್ಲಿ, ಹೊರಗಿನ ಗಾಳಿಯ ಒತ್ತಡ ಸುಮಾರು 1.01 ಬಾರ್. ಕಂಪನಿ ಫಿಲ್ಟರ್ 0.03 ಬಾರ್ ತಿನ್ನುತ್ತದೆ ಅಂತ ಇಟ್ಟುಕೊಳ್ಳಿ. ಟರ್ಬೊ ಬಾಯಿಗೆ ಸಿಗುವುದು 0.98. ಎಂಜಿನ್ನಿಗೆ 1.8 ಬಾರ್ ಬೇಕಾದರೆ ಟರ್ಬೊ ಗಾಳಿಯನ್ನು 1.84 ಪಟ್ಟು ಒತ್ತಬೇಕು. ಒಳ್ಳೆ ಫಿಲ್ಟರ್ ಹಾಕಿ ಆ ನಷ್ಟವನ್ನು ಅರ್ಧ ಮಾಡಿದಿರಿ. ಈಗ 1.81 ಪಟ್ಟು ಒತ್ತಿದರೆ ಸಾಕು. ಉಳಿದದ್ದು 0.03.

ಈಗ ಅದೇ ಕಾರನ್ನು ಕುಮಟಾದಿಂದ ದೇವಿಮನೆ ಘಟ್ಟ ಹತ್ತಿಸಿ ಶಿರಸಿಗೆ ಒಯ್ಯಿರಿ. ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ 0.945 ಬಾರ್ ಆಸುಪಾಸು. ಕಂಪನಿ ಫಿಲ್ಟರ್ ಇದ್ದರೆ ಟರ್ಬೊ ಈಗ 1.97 ಪಟ್ಟು ಒತ್ತಬೇಕು. ಅಂದರೆ ಘಟ್ಟ ಹತ್ತಿದ್ದಕ್ಕೇ 0.13 ಹೋಯಿತು, ದುಬಾರಿ ಫಿಲ್ಟರ್ ಉಳಿಸಿಕೊಟ್ಟದ್ದರ ನಾಲ್ಕು ಪಟ್ಟಿಗೂ ಜಾಸ್ತಿ. ಹಾಗಿದ್ದೂ ಶಿರಸಿ ಪೇಟೆಯಲ್ಲಿ ನಿಮ್ಮ ಕಾರು ಬಡವಾಯಿತು ಅಂತ ಅನಿಸುವುದಿಲ್ಲ ಅಲ್ವಾ? ಟರ್ಬೊ ಸುಮ್ನೆ ಇನ್ನೊಂದಷ್ಟು ಜೋರಾಗಿ ತಿರುಗಿ ಸರಿದೂಗಿಸುತ್ತದೆ. ಇಷ್ಟು ದೊಡ್ಡ ವ್ಯತ್ಯಾಸವೇ ಡ್ರೈವರಿಗೆ ಗೊತ್ತಾಗದಿದ್ದರೆ ಫಿಲ್ಟರಿನ ಸಣ್ಣ ವ್ಯತ್ಯಾಸ ಗೊತ್ತಾಯಿತು ಅನ್ನುವವರ ಮಾತನ್ನು ಸ್ವಲ್ಪ ಉಪ್ಪು ಕಡಿಮೆ ಮಾಡಿಯೇ ಕೇಳಬೇಕು.

ಹಾಗಾದರೆ ಇನ್‌ಟೇಕ್ ದಂಡವೇ? ಪೂರ್ತಿ ಹಾಗಲ್ಲ. ರೀಮ್ಯಾಪ್ ಮಾಡಿಸಿ, ಅಂದರೆ ಇಸಿಯುವಿನ ಲೆಕ್ಕವನ್ನೇ ಬದಲಿಸಿ, ಬೂಸ್ಟ್ ಗುರಿಯನ್ನೇ ಏರಿಸಿದವರಿಗೆ ಗಾಳಿ ಜಾಸ್ತಿ ಬೇಕು, ಆಗ ಕಂಪನಿ ಏರ್‌ಬಾಕ್ಸ್ ನಿಜವಾಗಿಯೂ ಕುತ್ತಿಗೆ ಹಿಚುಕಬಹುದು. ಅಂಥವರಿಗೆ ಲಾಭ ಇದೆ. ಉಳಿದವರಿಗೆ ಸಿಗುವುದು ಟರ್ಬೊ ಗಾಳಿ ಎಳೆಯುವ ಸದ್ದು, ಕಾಲು ತೆಗೆದಾಗ ಬರುವ ಆ "ಪಿಶ್ಶ್". ಆ ಸದ್ದಿಗೋಸ್ಕರವೇ ಹಾಕಿಸುತ್ತೇನೆ ಅಂದರೆ ಅದೂ ಸರಿಯೇ, ಅದು ನಿಮ್ಮ ಖುಷಿ. ಪವರ್ ಬಂತು ಅಂತ ಮಾತ್ರ ಹೇಳಬೇಡಿ.

ಬಾನೆಟ್ ಒಳಗಿನ ಕಾದ ಗಾಳಿ

ಗ್ಯಾರೇಜುಗಳಲ್ಲಿ ಜಾಸ್ತಿ ಮಾರಾಟವಾಗುವುದು ಕೋನ್ ಫಿಲ್ಟರ್. ಏರ್‌ಬಾಕ್ಸನ್ನೇ ಕಿತ್ತು, ಪೈಪಿನ ತುದಿಗೆ ಶಂಕುವಿನಂಥ ಒಂದು ಫಿಲ್ಟರ್ ಸಿಕ್ಕಿಸುತ್ತಾರೆ, ಬಾನೆಟ್ ತೆರೆದರೆ ನೋಡಲು ಚಂದ. ಆದರೆ ಅದು ಗಾಳಿ ಎಳೆಯುವುದು ಎಲ್ಲಿಂದ? ಎಂಜಿನ್ ಪಕ್ಕದಿಂದ. ಕಂಪನಿಯವರ ಏರ್‌ಬಾಕ್ಸ್ ನೋಡಲು ಕರಿ ಡಬ್ಬಿ, ಆದರೆ ಅದರ ಮೂತಿ ಹೊರಗಿನ ಗಾಳಿಗೆ ತೆರೆದುಕೊಂಡಿರುತ್ತದೆ.

ಹೊರಗೆ 35 ಡಿಗ್ರಿ ಇದ್ದು, ಆ ಗಾಳಿಯನ್ನೇ ಟರ್ಬೊ ಮೇಲಿನ ಲೆಕ್ಕದಂತೆ 1.84 ಪಟ್ಟು ಒತ್ತಿದರೆ ಹೊರಬರುವಾಗ ಸುಮಾರು 120 ಡಿಗ್ರಿ ಆಗುತ್ತದೆ. ಒಳ್ಳೆ ಫಿಲ್ಟರಿನಿಂದ ಇದು ಎರಡು ಮೂರು ಡಿಗ್ರಿ ಇಳಿಯಬಹುದು. ಆದರೆ ಅಂಕೋಲೆಯ ಪೇಟೆಯಲ್ಲಿ ಮಧ್ಯಾಹ್ನ ಸಾಲಿನಲ್ಲಿ ನಿಂತು ಬಾನೆಟ್ ಒಳಗೆ 55 ಡಿಗ್ರಿ ಆಗಿದ್ದರೆ, ಕೋನ್ ಫಿಲ್ಟರ್ ಅದನ್ನೇ ಎಳೆದರೆ, ಟರ್ಬೊದಿಂದ ಹೊರಬರುವ ಗಾಳಿ 140 ಡಿಗ್ರಿ ದಾಟುತ್ತದೆ. ಇಂಟರ್‌ಕೂಲರ್ ಇದರಲ್ಲಿ ಬಹುಪಾಲನ್ನು ಇಳಿಸುತ್ತದೆ, ಎಲ್ಲವನ್ನೂ ಅಲ್ಲ. ಬಿಸಿ ಗಾಳಿ ತೆಳು, ಅದರಲ್ಲಿ ಆಮ್ಲಜನಕ ಕಡಿಮೆ. ಸುಮಾರು 3 ಡಿಗ್ರಿ ಏರಿದರೆ ಶೇ. 1ರಷ್ಟು ಸಾಂದ್ರತೆ ಹೋಗುತ್ತದೆ. ಜೊತೆಗೆ ಪೆಟ್ರೋಲ್ ಎಂಜಿನ್ನಿನಲ್ಲಿ ನಾಕಿಂಗ್ (ಪೆಟ್ರೋಲ್ ಹೊತ್ತಿಗೆ ಮುಂಚೆ ತಾನಾಗಿ ಸಿಡಿಯುವುದು) ಭಯ, ಹಾಗಾಗಿ ಇಸಿಯು ಸ್ಪಾರ್ಕನ್ನು ತಡ ಮಾಡಿ ತಾನೇ ಪವರ್ ಇಳಿಸುತ್ತದೆ. ಕಾರು ಓಡತೊಡಗಿದ ಮೇಲೆ ಬಾನೆಟ್ ಒಳಗಿನ ಗಾಳಿ ಬದಲಾಗಿ ಪರಿಸ್ಥಿತಿ ಸುಧಾರಿಸುತ್ತದೆ, ನಿಜ. ಆದರೆ ಎರಡನೇ ಗೇರಿನಲ್ಲಿ ಲಾರಿ ಹಿಂದೆ ಅರಬೈಲ್ ಘಟ್ಟ ಹತ್ತುವಾಗ ಅದು ಆಗುವುದಿಲ್ಲ. ಪಿಕಪ್ ಬೇಕಾಗುವುದೂ ಸರಿಯಾಗಿ ಅಲ್ಲೇ.

ನಮ್ಮ ಕರಾವಳಿಯಲ್ಲಿ ಇನ್ನೊಂದು ಸೇರಿಕೊಳ್ಳುತ್ತದೆ, ತೇವ. 32 ಡಿಗ್ರಿ, ಶೇ. 80 ತೇವ ಇರುವ ದಿನ ಗಾಳಿಯ ಶೇ. 4ರ ಹತ್ತಿರ ಜಾಗವನ್ನು ನೀರಾವಿಯೇ ಹಿಡಿದಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಾರು ಯಾಕೋ ಎಳೆಯುವುದಿಲ್ಲ ಅಂತ ಅನಿಸಿದರೆ ಅದಕ್ಕೆ ಪಾರ್ಟು ಹಾಕಿ ಉಪಾಯವಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಹೀಗಿದೆ. ರೀಮ್ಯಾಪ್ ಇಲ್ಲದ ಕಾರಿಗೆ ಕಂಪನಿ ಏರ್‌ಬಾಕ್ಸ್ ಹಾಗೇ ಇಟ್ಟು, ಒಳಗಿನ ಚಪ್ಪಟೆ ಪ್ಯಾನೆಲ್ ಫಿಲ್ಟರ್ ಮಾತ್ರ ಬದಲಿಸಿ. ಕೆಲವು ಸಾವಿರದಲ್ಲಿ ಮುಗಿಯುತ್ತದೆ, ಬೇಡವಾದರೆ ಹತ್ತು ನಿಮಿಷದಲ್ಲಿ ಹಳೆಯದನ್ನು ಹಾಕಬಹುದು. ಇನ್‌ಟೇಕೇ ಬೇಕು ಅಂದರೆ ಮುಚ್ಚಿದ ಡಬ್ಬಿಯೊಳಗೆ ಫಿಲ್ಟರ್ ಇರುವುದನ್ನು ತಗೊಳ್ಳಿ. ಹೀಟ್ ಶೀಲ್ಡ್ ಅಂತ ಒಂದು ತಗಡು ಕೊಡುತ್ತಾರಲ್ಲ, ಅದರ ಅಂಚಿನ ರಬ್ಬರ್ ಬಾನೆಟ್ಟಿಗೆ ತಾಗಿ ಮುಚ್ಚಿಕೊಂಡರೆ ಮಾತ್ರ ಕೆಲಸ ಮಾಡುತ್ತದೆ. ಮೇಲೆ ಎರಡು ಬೆರಳು ಸಂದು ಬಿಟ್ಟಿದ್ದರೆ ಅದು ಅಲಂಕಾರ.

ಗಾಳಿ ಅಳೆಯುವ ಸೆನ್ಸರ್

ಖರೀದಿ ಮಾಡುವ ಮುಂಚೆ ನಿಮ್ಮ ಕಾರು ಗಾಳಿಯನ್ನು ಹೇಗೆ ಅಳೆಯುತ್ತದೆ ಅಂತ ತಿಳಿದುಕೊಳ್ಳಿ. ಕೆಲವು ಕಾರುಗಳಲ್ಲಿ ಫಿಲ್ಟರ್ ಆದ ಕೂಡಲೇ ಪೈಪಿನಲ್ಲಿ ಮ್ಯಾಫ್ ಸೆನ್ಸರ್ ಇರುತ್ತದೆ. ಕಾದ ತೆಳು ತಂತಿ ಅಥವಾ ಪೊರೆಯನ್ನು ಗಾಳಿ ಎಷ್ಟು ತಣ್ಣಗೆ ಮಾಡುತ್ತದೆ ಅನ್ನುವುದರ ಮೇಲೆ ಎಷ್ಟು ಗಾಳಿ ಹೋಯಿತು ಅಂತ ಅದು ಹೇಳುತ್ತದೆ. ಸ್ವಿಫ್ಟ್ ಡೀಸೆಲ್‌ನಲ್ಲಿ ಇದು ಇದೆ. ಇನ್ನು ಕೆಲವು ಟರ್ಬೊ ಪೆಟ್ರೋಲುಗಳಲ್ಲಿ ಮ್ಯಾಫ್ ಇರುವುದಿಲ್ಲ, ಮ್ಯಾನಿಫೋಲ್ಡಿನ ಒತ್ತಡ ಮತ್ತು ಉಷ್ಣತೆ ನೋಡಿ ಲೆಕ್ಕ ಹಾಕುವ ಮ್ಯಾಪ್ ಸೆನ್ಸರ್ ಇರುತ್ತದೆ. ಏರ್‌ಬಾಕ್ಸಿನಿಂದ ಟರ್ಬೊ ತನಕದ ಪೈಪಿಗೆ ವೈರು ಸಿಕ್ಕಿಸಿದ ಸೆನ್ಸರ್ ಇದೆಯೇ ಅಂತ ನೋಡಿದರೆ ಸುಮಾರಾಗಿ ಗೊತ್ತಾಗುತ್ತದೆ.

ಮ್ಯಾಫ್ ಇರುವ ಕಾರಿನಲ್ಲಿ ಪೈಪಿನ ಅಳತೆ ಬದಲಿಸುವುದು ತಮಾಷೆಯಲ್ಲ. ಸೆನ್ಸರ್ ನೋಡುವುದು ಪೈಪಿನ ನಡುವಿನ ಒಂದು ಸಣ್ಣ ಭಾಗವನ್ನು ಮಾತ್ರ. ಉಳಿದದ್ದನ್ನು ಇಸಿಯು ಪೈಪಿನ ಅಗಲ ಇಷ್ಟೇ ಅಂತ ನಂಬಿ ಲೆಕ್ಕ ಕಟ್ಟುತ್ತದೆ. 60 ಮಿ.ಮೀ. ಪೈಪಿನ ಜಾಗಕ್ಕೆ 65ರದ್ದು ಹಾಕಿದರೆ ಒಳಗಿನ ವಿಸ್ತೀರ್ಣ ಶೇ. 17 ಜಾಸ್ತಿಯಾಯಿತು. ಗಾಳಿ ಅಷ್ಟೇ ಹೋದರೂ ನಡುವಿನ ವೇಗ ಕಡಿಮೆ, ಸೆನ್ಸರ್ ಕಡಿಮೆ ಹೇಳುತ್ತದೆ, ಪೆಟ್ರೋಲ್ ಕಡಿಮೆ ಬೀಳುತ್ತದೆ. ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಅನ್ನುವುದು ಸರಿಯಾದ ಅಳತೆ. ಅದಕ್ಕಿಂತ ಗಾಳಿ ಜಾಸ್ತಿಯಾಗಿ ಬೂಸ್ಟ್ ಜೋರಿದ್ದರೆ ಎಂಜಿನ್ ಒಳಗೆ ಬಿಸಿ ಏರುತ್ತದೆ. ಡೀಸೆಲ್‌ನಲ್ಲಿ ಕಥೆ ಬೇರೆ, ಅಲ್ಲಿ ಮ್ಯಾಫ್ ಲೆಕ್ಕ ತಪ್ಪಿದರೆ ಇಜಿಆರ್ (ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್ನಿಗೆ ಕಳಿಸುವ ವ್ಯವಸ್ಥೆ) ಮತ್ತು ಹೊಗೆಯ ಹದ ತಪ್ಪುತ್ತದೆ. ಆದ್ದರಿಂದ ಸೆನ್ಸರ್ ಕೂರುವ ಜಾಗದ ಒಳ ಅಳತೆ ಕಂಪನಿಯದಕ್ಕೆ ಸಮ ಇರುವ ಪಾರ್ಟನ್ನೇ ಆರಿಸಿ. "ಎಲ್ಲಾ ಗಾಡಿಗೂ ಆಗ್ತದೆ" ಅಂತ ಮಾರುವ ಕಿಟ್ಟುಗಳನ್ನು ಮ್ಯಾಫ್ ಇರುವ ಕಾರಿಗೆ ಹಾಕಲೇಬೇಡಿ.

ಇನ್ನೊಂದು ಎಣ್ಣೆಯ ವಿಷಯ. ಕೆ ಅಂಡ್ ಎನ್ ಥರದ ಹತ್ತಿ ಬಟ್ಟೆಯ ಫಿಲ್ಟರಿಗೆ ಎಣ್ಣೆ ಹಾಕಬೇಕು, ಧೂಳು ಹಿಡಿಯುವುದು ಆ ಎಣ್ಣೆಯೇ. ತೊಳೆದು, ಒಣಗಿಸಿ, ಪದರದ ಮೇಲೆ ತೆಳ್ಳಗೆ ಎಣ್ಣೆ ಬಿಟ್ಟು, ಅದು ಹರಡುವವರೆಗೆ ಕಾದು ಹಾಕಿದರೆ ತೊಂದರೆ ಇಲ್ಲ. ಸುರಿದುಬಿಟ್ಟರೆ ಅದೇ ಎಣ್ಣೆ ಹಾರಿ ಮ್ಯಾಫ್ ತಂತಿಗೆ ಅಂಟುತ್ತದೆ, ಅದರ ಮೇಲೆ ಧೂಳು ಕೂರುತ್ತದೆ. ಮಳೆಗಾಲದಲ್ಲಿ ತೊಳೆದ ಫಿಲ್ಟರ್ ನಮ್ಮಲ್ಲಿ ಬೇಗ ಒಣಗುವುದಿಲ್ಲ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಹೇರ್ ಡ್ರೈಯರ್, ಬಚ್ಚಲ ಒಲೆ ಹತ್ತಿರ ಒಯ್ಯಬೇಡಿ.

ಕೂರಿಸುವ ಕೆಲಸ

ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಏನನ್ನೂ ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೊ ಹೊಡೆದುಕೊಳ್ಳಿ, ಸಣ್ಣ ರಬ್ಬರ್ ಪೈಪು ಯಾವುದು ಎಲ್ಲಿಗೆ ಅನ್ನುವುದು ಸಂಜೆ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ಏರ್‌ಬಾಕ್ಸ್ ತೆರೆದಾಗ ಅದರ ತಳವನ್ನು ಒಮ್ಮೆ ನೋಡಿ. ನಮ್ಮ ಕಡೆಯ ಕಾರಾದರೆ ಕೆಂಪು ಧೂಳಿನ ಹುಡಿ, ಒಣಗಿದ ಎಲೆ, ಸತ್ತ ಹುಳ ಖಾತರಿ. ಮನೆ ಹತ್ತಿರ ಅಡಿಕೆ ಅಂಗಳ ಇದ್ದು, ಇಲಿ ಕಾಟ ಇದ್ದರೆ ಅಡಿಕೆ ಸಿಪ್ಪೆಯ ನಾರೂ ಸಿಗಬಹುದು. ತಳದಲ್ಲಿ ನೀರು ಹೋಗಲು ಒಂದು ತೂತು ಇರುತ್ತದೆ, ಅದು ಮಣ್ಣಿನಿಂದ ಮುಚ್ಚಿರುತ್ತದೆ. ಹೊಸ ಪಾರ್ಟು ಹಾಕದಿದ್ದರೂ ಈ ತೂತನ್ನು ಬಿಡಿಸಿ. ಫಿಲ್ಟರಿನ ಸ್ವಚ್ಛ ಬದಿಯಲ್ಲಿ, ಅಂದರೆ ಟರ್ಬೊ ಕಡೆಗೆ ಇರುವ ಬದಿಯಲ್ಲಿ, ಬಿಳಿ ಬಟ್ಟೆಯಿಂದ ಒಮ್ಮೆ ಒರೆಸಿ. ಅಲ್ಲೂ ಕೆಂಪು ಬಂದರೆ ಹಳೆಯ ಫಿಲ್ಟರ್ ಸರಿಯಾಗಿ ಕೂತಿರಲಿಲ್ಲ, ಇಷ್ಟು ದಿನ ಧೂಳು ಪಕ್ಕದಿಂದ ಹೋಗುತ್ತಿತ್ತು ಅಂತ ಅರ್ಥ.

ಟರ್ಬೊ ಬಾಯಿಯ ಪೈಪು ತೆಗೆದ ಮರುಕ್ಷಣ ಆ ಬಾಯಿಗೆ ನೂಲು ಬಿಡದ ಒಂದು ಸ್ವಚ್ಛ ಬಟ್ಟೆ ತುರುಕಿ, ಬಟ್ಟೆಯ ತುದಿ ಹೊರಗೆ ಕಾಣುವ ಹಾಗಿರಲಿ. ನಿಮಿಷಕ್ಕೆ ಎರಡು ಲಕ್ಷ ಸುತ್ತು ಅಂದೆನಲ್ಲ, ಆ ಚಕ್ರಕ್ಕೆ ಒಂದು ವಾಷರ್ ಸಿಕ್ಕಿದರೆ ಟರ್ಬೊ ಕಥೆ ಮುಗಿಯಿತು. ಕೆಲಸ ಮುಗಿದಾಗ ಬಿಚ್ಚಿದ ಸ್ಕ್ರೂ, ಕ್ಲಿಪ್ಪು ಎಲ್ಲ ಎಣಿಸಿ. ಒಂದು ಕಡಿಮೆ ಇದ್ದರೆ ಅದು ಸಿಗುವ ತನಕ ಸ್ಟಾರ್ಟ್ ಮಾಡಬೇಡಿ. "ಕೆಳಗೆ ಬಿದ್ದಿರಬೇಕು ಮಾರಾಯ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಬಾಯಿ ತೆರೆದಿರುವಾಗಲೇ ಕಂಪ್ರೆಸರ್ ವೀಲನ್ನೂ ನೋಡಿಬಿಡಿ. ಬೆರಳಿನಿಂದ ಮೆಲ್ಲಗೆ ತಿರುಗಿಸಿದರೆ ಸರಾಗ ತಿರುಗಬೇಕು. ಪಕ್ಕಕ್ಕೆ ತುಸು ಅಲ್ಲಾಡುವುದು ಸಹಜ, ಆದರೆ ರೆಕ್ಕೆ ಹೋಗಿ ಗೋಡೆಗೆ ತಾಗಬಾರದು. ಒಳಗೆ ಎಣ್ಣೆಯ ತೆಳು ಪದರ ಇದ್ದರೆ ಹೆದರಬೇಡಿ, ಎಂಜಿನ್ ಒಳಗಿನ ಆವಿಯನ್ನು ಹೊರಗೆ ತರುವ ಬ್ರೀದರ್ ಪೈಪು ಬಂದು ಸೇರುವುದು ಟರ್ಬೊಗಿಂತ ಹಿಂದೆಯೇ, ಆ ಆವಿಯಲ್ಲಿ ಎಣ್ಣೆ ಇರುತ್ತದೆ. ಎಣ್ಣೆ ತಳದಲ್ಲಿ ನಿಂತಿದ್ದರೆ ಮಾತ್ರ ಇನ್‌ಟೇಕ್ ಯೋಚನೆ ಬಿಟ್ಟು ಟರ್ಬೊ ತೋರಿಸಿ.

ಆ ಬ್ರೀದರ್ ಪೈಪನ್ನು ಹೊಸ ಇನ್‌ಟೇಕ್‌ಗೂ ಸರಿಯಾಗಿ ಸೇರಿಸಲೇಬೇಕು. ಕೆಲವರು ಅದರ ತುದಿಗೆ ಒಂದು ಪುಟ್ಟ ಫಿಲ್ಟರ್ ಸಿಕ್ಕಿಸಿ ಬಾನೆಟ್ ಒಳಗೇ ಬಿಟ್ಟುಬಿಡುತ್ತಾರೆ. ಎಣ್ಣೆ ವಾಸನೆ ಎಸಿ ಮೂಲಕ ಒಳಗೆ ಬರುತ್ತದೆ, ಎಂಜಿನ್ ಮೇಲೆ ಜಿಡ್ಡು ಕೂರುತ್ತದೆ, ಕೆಲವು ಕಾರಿನಲ್ಲಿ ಚೆಕ್ ಎಂಜಿನ್ ಲೈಟೂ ಹತ್ತುತ್ತದೆ.

ಮ್ಯಾಫ್ ಸೆನ್ಸರ್ ಹಳೆಯ ಪೈಪಿನಿಂದ ಹೊಸದಕ್ಕೆ ಬದಲಿಸುವಾಗ ತಂತಿಯನ್ನು ಬೆರಳಿನಿಂದ ಮುಟ್ಟಬೇಡಿ, ಉಫ್ ಅಂತ ಊದಲೂ ಬೇಡಿ. ಮೈಮೇಲೆ ಗಾಳಿ ಹೋಗುವ ದಿಕ್ಕಿನ ಬಾಣ ಇರುತ್ತದೆ, ಅದು ಟರ್ಬೊ ಕಡೆಗೆ ತೋರಿಸಬೇಕು. ಸೆನ್ಸರಿನ ಬುಡದ ರಬ್ಬರ್ ಬಳೆ (ಓ ರಿಂಗ್) ಒಣಗಿ ಬಿರಿದಿದ್ದರೆ ಬದಲಿಸಿ. ಅಲ್ಲಿಂದ ಗಾಳಿ ಎಳೆದರೂ ಸಾಕು, ಲೆಕ್ಕ ತಪ್ಪಲು.

ಈಗ ಕ್ಲ್ಯಾಂಪು. ಇದು ನೀರಸ ವಿಷಯ, ಆದರೆ ಇಡೀ ಕೆಲಸದ ಜೀವ ಇರುವುದು ಇಲ್ಲೇ. ಎಲ್ಲ ಪೈಪು, ಎಲ್ಲ ಕ್ಲ್ಯಾಂಪು ಮೊದಲು ಸಡಿಲವಾಗಿಯೇ ಕೂರಿಸಿ. ಒಂದನ್ನು ಬಿಗಿದು ಇನ್ನೊಂದಕ್ಕೆ ಹೋದರೆ ಕೊನೆಯ ಪೈಪು ಯಾವತ್ತೂ ಸರಿಯಾಗಿ ಸೇರುವುದಿಲ್ಲ, ಓರೆಯಾಗಿ ಎಳೆದುಕೊಂಡು ಕೂರುತ್ತದೆ, ಮೊದಲ ಘಟ್ಟಕ್ಕೇ ಕಳಚುತ್ತದೆ. ಪೈಪಿನ ತುದಿಯಲ್ಲಿ ಒಂದು ಉಬ್ಬು ಇರುತ್ತದೆ, ಕ್ಲ್ಯಾಂಪು ಆ ಉಬ್ಬಿನ ಹಿಂದೆ ಬರಬೇಕು, ಮೇಲೆ ಅಲ್ಲ. ಪೈಪಿಗೂ ಹೋಸಿಗೂ ನಡುವೆ ಎಣ್ಣೆ, ಗ್ರೀಸು ಸವರಬೇಡಿ, ಒತ್ತಡ ಬಂದಾಗ ಜಾರಿ ಹೊರಗೆ ಬರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ ಸೇರಿಸಿ. ಎಳೆತದ ಬದಿಗೆ ಮಾಮೂಲಿ ಸ್ಕ್ರೂ ಕ್ಲ್ಯಾಂಪು ಸಾಕು. ಒತ್ತಡದ ಬದಿಗೆ ಅಗಲ ಪಟ್ಟಿಯನ್ನು ಬೋಲ್ಟಿನಿಂದ ಬಿಗಿಯುವ ಟಿ ಬೋಲ್ಟ್ ಕ್ಲ್ಯಾಂಪು ಒಳ್ಳೆಯದು, ಸ್ಕ್ರೂ ಕ್ಲ್ಯಾಂಪಿನ ಹಲ್ಲು ಸಿಲಿಕೋನ್ ಹೋಸನ್ನು ಕತ್ತರಿಸುತ್ತದೆ. ಎಲ್ಲವೂ ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ. ಬೈತಖೋಲ, ಕೋಡಿಬಾಗದಂಥ ಕಡೆ ಕಡಲ ಗಾಳಿಗೆ ಸಾದಾ ಕಬ್ಬಿಣದ ಕ್ಲ್ಯಾಂಪು ಎಷ್ಟು ದಿನ ಬಾಳುತ್ತದೆ ಅಂತ ಅಲ್ಲಿಯವರಿಗೆ ಹೇಳಬೇಕಾಗಿಲ್ಲ.

ಸಿಲಿಕೋನ್ ಹೋಸಿನಲ್ಲೂ ಎರಡು ಥರ. ಟರ್ಬೊ ಹಿಂದಿನ ಎಳೆತದ ಬದಿಗೆ ತೆಳು ಹೋಸ್ ಹಾಕಿದರೆ ಪೂರ್ತಿ ಜೋರಿನಲ್ಲಿ ಅದು ಒಳಗೆ ಕುಸಿದು ಚಪ್ಪಟೆಯಾಗುತ್ತದೆ, ನಿಂತಿರುವಾಗ ನೋಡಿದರೆ ಎಲ್ಲ ಸರಿ ಇರುತ್ತದೆ. ಅಲ್ಲಿಗೆ ತಂತಿ ಸುತ್ತಿದ ಹೋಸ್ ಬೇಕು. ಎಣ್ಣೆ ಆವಿ ತಾಗುವ ಜಾಗಕ್ಕೆ ಒಳಗೆ ಫ್ಲೋರೋಸಿಲಿಕೋನ್ ಪದರ ಇರುವುದು ಬೇಕು, ಸಾದಾ ಸಿಲಿಕೋನ್ ಎಣ್ಣೆ ಕುಡಿದು ಬೆವರತೊಡಗುತ್ತದೆ.

ಎಂಜಿನ್ ತನ್ನ ಮೌಂಟಿನ ಮೇಲೆ ಅಲ್ಲಾಡುತ್ತದೆ ಅನ್ನುವುದನ್ನೂ ಮರೆಯಬೇಡಿ. ಪೈಪು ಬಾಡಿಗೋ ಬ್ಯಾಟರಿಗೋ ತಾಗುವಂತಿದ್ದರೆ ಉಜ್ಜಿ ಉಜ್ಜಿ ತೂತಾಗುತ್ತದೆ. ಬಾನೆಟ್ಟನ್ನು ಧಡ್ ಅಂತ ಹಾಕದೆ ಮೆಲ್ಲಗೆ ಇಳಿಸಿ, ತಾಗುತ್ತದೆಯೇ ನೋಡಿ.

ಸೋರುತ್ತಿದೆಯೇ?

ಟರ್ಬೊ ಹಿಂದೆ, ಮ್ಯಾಫ್ ಆದ ಮೇಲೆ ಸೋರಿದರೆ ಅಳತೆಗೆ ಸಿಗದ ಗಾಳಿ ಒಳಗೆ ಬರುತ್ತದೆ. ಐಡ್ಲಿಂಗ್ ಏರಿಳಿಯುತ್ತದೆ, ಪೆಟ್ರೋಲ್ ಕಾರಿನಲ್ಲಿ ಪಿ0171 ಕೋಡ್ ಬರುತ್ತದೆ, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಟರ್ಬೊ ಮುಂದೆ ಸೋರಿದರೆ ಅಳೆದ ಗಾಳಿಯೇ ಹೊರಗೆ ಹೋಗುತ್ತದೆ. ಸಿಳ್ಳೆ ಸದ್ದು, ಪಿಕಪ್ ಇಲ್ಲ, ಡೀಸೆಲ್ ಆದರೆ ಹಿಂದೆ ಕಪ್ಪು ಹೊಗೆ, ಕೋಡ್ ನೋಡಿದರೆ ಪಿ0299, ಬೂಸ್ಟ್ ಸಾಲುತ್ತಿಲ್ಲ. ಕಾಲು ತೆಗೆದಾಗ ಉಳಿದ ಒತ್ತಡವನ್ನು ಹೊರಗೆ ಉಗುಳುವ ಬ್ಲೋ ಆಫ್ ವಾಲ್ವ್ ಹಾಕಿದ ಮ್ಯಾಫ್ ಕಾರಿನಲ್ಲಿ ಆಗುವುದೂ ಇದೇ, ಪ್ರತಿ ಸಲ "ಪಿಶ್ಶ್" ಅಂದಾಗ ಅಳೆದ ಗಾಳಿ ಹೊರಗೆ, ಅದಕ್ಕೆಂದು ಹಾಕಿದ ಪೆಟ್ರೋಲ್ ಒಳಗೆ. ಸಿಗ್ನಲ್ಲಿನಲ್ಲಿ ಕಾರು ಆಫ್ ಆಗುತ್ತದೆ.

ಇಸಿಯು ಓದುವ ಸಣ್ಣ ಓಬಿಡಿ ಸ್ಕ್ಯಾನರ್ ಇದ್ದರೆ ಪಾರ್ಟು ಹಾಕುವ ಮುಂಚೆಯೇ ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್, ಅಂದರೆ ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವ ಅಂಕಿ, ಬರೆದಿಟ್ಟುಕೊಳ್ಳಿ. ಹಾಕಿ ಕೆಲವು ದಿನ ಓಡಿಸಿ ಮತ್ತೆ ನೋಡಿ. ಮೊದಲು ಸೊನ್ನೆ ಆಸುಪಾಸು ಇದ್ದದ್ದು ಈಗ ಪ್ಲಸ್ 10 ದಾಟಿದ್ದರೆ ಎಲ್ಲೋ ಗಾಳಿ ಕದ್ದು ಬರುತ್ತಿದೆ. ಜೊತೆಗೆ ಇನ್‌ಟೇಕ್ ಗಾಳಿಯ ಉಷ್ಣತೆಯನ್ನೂ ನೋಡಿ. ಅದೇ ರಸ್ತೆ, ಅದೇ ಹೊತ್ತು, ಹಿಂದಿಗಿಂತ ಜಾಸ್ತಿ ತೋರಿಸಿದರೆ ನಿಮ್ಮ ಹೊಸ ಪಾರ್ಟು ಬಿಸಿ ಗಾಳಿ ಕುಡಿಯುತ್ತಿದೆ. ಒಳ್ಳೆ ಗ್ಯಾರೇಜಿನಲ್ಲಿ ಹೊಗೆ ಬಿಟ್ಟು ಸೋರಿಕೆ ಹುಡುಕುವ ಯಂತ್ರ ಇರುತ್ತದೆ, ಅದಕ್ಕೆ ಸಮನಾದದ್ದು ಬೇರೆ ಇಲ್ಲ. ಇಲ್ಲದಿದ್ದರೆ ಟರ್ಬೊ ಬಾಯಿಗೆ ಮುಚ್ಚಳ ಹಾಕಿ, ಅರ್ಧ ಬಾರ್ ಮೀರದಂತೆ ಗಾಳಿ ತುಂಬಿ, ಜೋಡಣೆಗಳ ಮೇಲೆ ಸೋಪು ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರನ್ನು ನೇರ ಹಚ್ಚಿದರೆ ಎಂಜಿನ್ನಿನ ಸೀಲೇ ಹೊರಗೆ ಬಂದೀತು, ರೆಗ್ಯುಲೇಟರ್ ಇರಲೇಬೇಕು.

ಮಳೆ

ಇನ್ನೆಲ್ಲೋ ಬರೆದ ಸಲಹೆ ನಮ್ಮೂರಿಗೆ ಹೊಂದದಿರುವುದು ಇಲ್ಲಿ. ಕೋಲ್ಡ್ ಏರ್ ಇನ್‌ಟೇಕ್ ಅಂತ ಒಂದು ಬಗೆ ಇದೆ, ಉದ್ದ ಪೈಪು ಕೆಳಗಿಳಿಸಿ ಬಂಪರ್ ಮೂಲೆಯಲ್ಲಿ ಫಿಲ್ಟರ್ ಇಡುತ್ತಾರೆ. ತಂಪು ಗಾಳಿ ಸಿಗುತ್ತದೆ, ಒಣ ಊರಿನಲ್ಲಿ ಒಳ್ಳೆಯದೇ. ಉತ್ತರ ಕನ್ನಡದ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ಆಸುಪಾಸು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹೆದ್ದಾರಿ 66ರ ಬದಿಯಲ್ಲಿ, ಅಂಡರ್‌ಪಾಸಿನಲ್ಲಿ ಮೊಣಕಾಲು ನೀರು ನಿಲ್ಲುವುದು ಹೊಸ ಸುದ್ದಿಯಲ್ಲ. ಬಂಪರ್ ಮೂಲೆಯ ಫಿಲ್ಟರ್ ಆ ನೀರಿನೊಳಗೆ ಮುಳುಗಿರುತ್ತದೆ. ಎದುರಿನಿಂದ ಬಂದ ಬಸ್ಸು ಎಬ್ಬಿಸುವ ಅಲೆಯೂ ಸಾಕು.

ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲು ಆಗುವುದಿಲ್ಲ. ಸಿಲಿಂಡರಿಗೆ ನೀರು ಹೋದರೆ ಪಿಸ್ಟನ್ ಮೇಲೆ ಬರಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇದೇ ಹೈಡ್ರೋಲಾಕ್. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸೆಲ್ಫ್ ಹೊಡೆಯಬೇಡಿ, ತಳ್ಳಿಸಿ ಹೊರಗೆ ತನ್ನಿ, ಟೋ ಮಾಡಿಸಿ. ಕಂಪನಿಯ ಮೂತಿ ಎತ್ತರದಲ್ಲಿ ಇಟ್ಟಿರುವುದು ಸುಮ್ನೆ ಅಲ್ಲ. ನನ್ನನ್ನು ಕೇಳಿದರೆ ಇಲ್ಲಿ ಓಡುವ ಕಾರಿಗೆ ಬಂಪರ್ ಕೆಳಗಿನ ಇನ್‌ಟೇಕ್ ಬೇಡವೇ ಬೇಡ.

ಇನ್ಶೂರೆನ್ಸಿನಲ್ಲಿ ಎಂಜಿನ್ ಪ್ರೊಟೆಕ್ಷನ್ ಅನ್ನುವ ಹೆಚ್ಚುವರಿ ಕವರ್ ಇಲ್ಲದಿದ್ದರೆ ನೀರು ಹೋಗಿ ಕೆಟ್ಟ ಎಂಜಿನ್ನಿಗೆ ಸಾಮಾನ್ಯವಾಗಿ ದುಡ್ಡು ಸಿಗುವುದಿಲ್ಲ. ಇದ್ದರೂ, ನೀವು ಹೇಳದೆ ಹಾಕಿಸಿದ ಪಾರ್ಟು ಬಾನೆಟ್ ಒಳಗೆ ಕಂಡರೆ ತಕರಾರು ಬರುತ್ತದೆ. ವಾರಂಟಿಯದ್ದೂ ಇದೇ ಪಾಡು. ಕಾನೂನಿನ ಮಾತು ಹೇಳುವುದಾದರೆ ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆಯನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿದಿದೆ. ಕಂಪನಿ ಡಬ್ಬಿಯೊಳಗೆ ಪ್ಯಾನೆಲ್ ಫಿಲ್ಟರ್ ಮಾತ್ರ ಬದಲಿಸಿ ಅಂತ ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಹಾಕಿಸಿದ ಮೇಲೆ ಮೊದಲ ಒಂದೆರಡು ಬಾರಿ ಘಟ್ಟ ಹತ್ತಿ ಇಳಿದ ಬಳಿಕ, ಎಂಜಿನ್ ತಣ್ಣಗಾದಾಗ, ಎಲ್ಲ ಕ್ಲ್ಯಾಂಪುಗಳನ್ನು ಇನ್ನೊಮ್ಮೆ ಬಿಗಿಯಿರಿ. ಬಿಸಿಗೆ ಹಿಗ್ಗಿ ಕುಗ್ಗಿ ಸಿಲಿಕೋನ್ ಹೋಸ್ ಸ್ವಲ್ಪ ಕೂತುಕೊಳ್ಳುತ್ತದೆ, ಮೊದಲ ದಿನ ಬಿಗಿಯಾಗಿದ್ದದ್ದು ಈಗ ಅರ್ಧ ಸುತ್ತು ಸಡಿಲ ಇರುತ್ತದೆ. ಮತ್ತೆ ಆ ಹಳೆಯ ಏರ್‌ಬಾಕ್ಸನ್ನು ಗುಜರಿಗೆ ಹಾಕಬೇಡಿ, ಸ್ಕ್ರೂ ಸಮೇತ ಅಟ್ಟದ ಮೇಲಿಡಿ. ಕಾರು ಮಾರುವಾಗ, ವಾರಂಟಿ ಕೆಲಸಕ್ಕೆ ಹೋಗುವಾಗ, ಮಳೆಗಾಲ ಶುರುವಾಗುವಾಗ ಅದು ಬೇಕೇ ಬೇಕು. ಎರಡೂ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ಮೇಲೊಂದು ತಗಡಿನ ಡಬ್ಬ ಮುಚ್ಚಿಡಿ, ಇಲ್ಲದಿದ್ದರೆ ಮುಂದಿನ ಜೂನ್‌ನಲ್ಲಿ ಇಳಿಸಿ ನೋಡಿದಾಗ ಒಳಗೆ ಇಲಿ ಸಂಸಾರ ಹೂಡಿರುತ್ತದೆ.